ಸೇವಂತಿಗೆ ವರ್ಷವರ್ಷವೂ ಹೂ ಬಿಡಬೇಕೆಂದರೆ: ಮೈಸೂರು–ಮಂಡ್ಯದ ಮನೆತೋಟಕ್ಕೆ ಸಮಗ್ರ ಮಾರ್ಗದರ್ಶಿ

ಡಿಸೆಂಬರಿನಲ್ಲಿ ನರ್ಸರಿಯಿಂದ ತಂದ ಸೇವಂತಿಗೆ ಕುಂಡದಲ್ಲಿ ಸಂಕ್ರಾಂತಿವರೆಗೆ ಎಲೆ ಕಾಣದಷ್ಟು ಹೂ. ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಬೇಸಿಗೆ ದಾಟದೆ ಗಿಡ ಸಾಯುತ್ತದೆ, ಇಲ್ಲವೇ ಮುಂದಿನ ವರ್ಷ ಸೊಂಟದೆತ್ತರ ಬೆಳೆದು ತುದಿಯಲ್ಲಿ ನಾಲ್ಕೇ ನಾಲ್ಕು ಹೂ ಬಿಟ್ಟು ನೆಲಕ್ಕೆ ಮಲಗುತ್ತದೆ. "ಗೊಬ್ಬರ ಯಾವುದು ಹಾಕಬೇಕು?" ಎಂಬ ಪ್ರಶ್ನೆ ಬರುವುದು ಆಗಲೇ. ಗೊಬ್ಬರದಿಂದ ಸರಿಹೋಗುವ ತೊಂದರೆ ಇದಲ್ಲ. ಸೇವಂತಿಗೆ ಬಹುವಾರ್ಷಿಕ ಗಿಡ. ಚಳಿಗಾಲದ ಹೂವಿನ ಹಣೆಬರಹ ಫೆಬ್ರವರಿಯಿಂದ ಸೆಪ್ಟೆಂಬರಿನೊಳಗೆ ನಿರ್ಧಾರವಾಗಿರುತ್ತದೆ. ಕೈತಪ್ಪುವುದು ಹೆಚ್ಚಾಗಿ ಮೂರು ಕಡೆ: ಹೂ ಮುಗಿದ ಮೇಲಿನ ಆರೈಕೆ, ಕುಡಿ ಚಿವುಟುವ ಸಮಯ, ರಾತ್ರಿಯ ಬೆಳಕು. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಒಂದನ್ನು ತಿಂಗಳು ತಡ ಮಾಡಿದರೆ ಮುಂದಿನದು ತಾನಾಗಿ ಕೆಡುತ್ತದೆ.

## ಯಾವ ಗಿಡದಿಂದ ಶುರು ಮಾಡಬೇಕು

ಬೀದಿಯಲ್ಲಿ ಯಾರದಾದರೂ ಮನೆಯಂಗಳದಲ್ಲಿ ವರ್ಷವರ್ಷ ಹೂ ಬಿಡುವ ಹಳದಿ ಅಥವಾ ಬಿಳಿ ಸೇವಂತಿಗೆ ಇದ್ದರೆ ಅದರ ಎರಡು ಕಂದು (ಬುಡದಿಂದ ಏಳುವ ಮರಿಸಸಿ) ಕೇಳಿ ತನ್ನಿ. ನಮ್ಮ ಬಿಸಿಲು, ಮಳೆಗೆ ಒಗ್ಗಿದೆ ಎಂಬುದು ಅಲ್ಲೇ ಸಾಬೀತಾಗಿರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಅಂಗಡಿಯ ಗುಂಡನೆಯ ಪುಟ್ಟ ಗಿಡದಿಂದಲೂ ಶುರು ಮಾಡಬಹುದು. ಆದರೆ ಎರಡು ವಿಷಯ ಗೊತ್ತಿರಲಿ. ಒಂದು, ಆ ಕುಂಡದಲ್ಲಿರುವುದು ಸಾಮಾನ್ಯವಾಗಿ ಒಂದೇ ಗಿಡವಲ್ಲ. ನಾಲ್ಕೈದು ಸಸಿಗಳನ್ನು ಒಟ್ಟಿಗೆ ನೆಟ್ಟಿರುತ್ತಾರೆ. ಎರಡು, ಗಿಡ ಕುಳ್ಳಗೆ ಇರಲೆಂದು ಬೆಳವಣಿಗೆ ತಡೆಯುವ ಔಷಧಿ ಹೊಡೆದಿರುವುದು ಸಾಮಾನ್ಯ. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ನಿಜವಾದ ಎತ್ತರಕ್ಕೆ ಬೆಳೆಯುತ್ತದೆ. "ಹೋದ ವರ್ಷ ಇಷ್ಟೇ ಇತ್ತು, ಈಗ ಯಾಕೆ ಹೀಗೆ ಎದ್ದಿತು" ಎಂದು ಗಾಬರಿಯಾಗಬೇಡಿ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಹರಿತವಾದ ಗಿಡ ಕತ್ತರಿ, ಅದನ್ನು ಒರೆಸಲು ಸ್ಪಿರಿಟ್, 4 ಮತ್ತು 10 ಇಂಚಿನ ಕುಂಡಗಳು, ತೊಳೆದ ಮರಳು, ಬೇರು ಬರಿಸುವ ಪುಡಿ, ಎರಡೂವರೆ ಅಡಿಯ ಬಿದಿರು ಕಡ್ಡಿ, ಕಟ್ಟಲು ಬಾಳೆ ನಾರು ಅಥವಾ ಹಳೆಯ ಹತ್ತಿ ಬಟ್ಟೆಯ ಪಟ್ಟಿ. ಪ್ಲಾಸ್ಟಿಕ್ ದಾರ ಬೇಡ, ಗಾಳಿಗೆ ಕಾಂಡ ಕೊಯ್ಯುತ್ತದೆ.

ಜೊತೆಗೆ ಗ್ರಾಂ ತೋರಿಸುವ ಸಣ್ಣ ತಕ್ಕಡಿ. "ಒಂದು ಚಮಚ" ಎಂಬ ಅಳತೆಯಿಂದ ಸುಟ್ಟ ಗಿಡಗಳಿಗೆ ಲೆಕ್ಕವಿಲ್ಲ. ಗೋಪುರ ತುಂಬಿದ ಊಟದ ಚಮಚದಲ್ಲಿ ಹಿಡಿಯುವುದು ಮಟ್ಟಸ ಮಾಡಿದ ಟೀ ಚಮಚದ ಮೂರು ಪಟ್ಟಿಗೂ ಹೆಚ್ಚು.

## ಹಂತ 1: ಹೂ ಮುಗಿದ ಕೂಡಲೇ ಕತ್ತರಿ (ಜನವರಿ ಕೊನೆ–ಫೆಬ್ರವರಿ)

ಕೊನೆಯ ಹೂ ಬಾಡಿದ ವಾರದಲ್ಲೇ ಎಲ್ಲ ಕಾಂಡಗಳನ್ನೂ ನೆಲದಿಂದ ನಾಲ್ಕು ಇಂಚು ಬಿಟ್ಟು ಕತ್ತರಿಸಿ. ಹಸಿರಾಗಿದೆ, ಪಾಪ ಎಂದು ಬಿಡಬೇಡಿ. ಹಳೆಯ ಕಾಂಡ ನಿಂತಿದ್ದರೆ ಬುಡದಿಂದ ಕಂದು ಏಳುವುದು ತಡವಾಗುತ್ತದೆ, ಎದ್ದರೂ ಸಣಕಲಾಗಿರುತ್ತದೆ. ಕತ್ತರಿಸಿದ ಎಲೆ, ಕಡ್ಡಿಗಳನ್ನು ಕುಂಡದಲ್ಲೇ ಹೊದಿಕೆಯಾಗಿ ಹಾಕುವುದೂ ತಪ್ಪು. ಎಲೆಚುಕ್ಕೆಯ ಶಿಲೀಂಧ್ರ ಅದರಲ್ಲೇ ಉಳಿದು ಮಳೆಗಾಲಕ್ಕೆ ಮತ್ತೆ ಏರುತ್ತದೆ.

ಅಂಗಡಿ ಕುಂಡವಾಗಿದ್ದರೆ ಈಗಲೇ ಮಣ್ಣಿಗೆ ಬದಲಿಸಿ. ಅದರಲ್ಲಿರುವುದು ಹೆಚ್ಚಾಗಿ ತೆಂಗಿನ ನಾರಿನ ಪುಡಿ. ಅದು ಒಮ್ಮೆ ಪೂರ್ತಿ ಒಣಗಿತೆಂದರೆ ಮೇಲೆ ಸುರಿದ ನೀರು ಕುಂಡದ ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆ, ಬೇರಿನ ನಡುಭಾಗ ಒಣಗಿಯೇ ಉಳಿಯುತ್ತದೆ. ಬೇರಿನ ಮುದ್ದೆಯನ್ನು ಬಕೆಟ್ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಸಸಿಗಳನ್ನು ಬೆರಳಿನಿಂದ ಬಿಡಿಸಿ, ಒಂದೊಂದನ್ನೂ ಬೇರೆ ಬೇರೆ ನೆಡಿ.

## ಹಂತ 2: ಬೇಸಿಗೆ ದಾಟಿಸುವುದು (ಮಾರ್ಚ್–ಮೇ)

ಅತಿ ಹೆಚ್ಚು ಗಿಡ ಸಾಯುವುದು ಈ ಮೂರು ತಿಂಗಳಲ್ಲಿ, ಅದೂ ನೀರಿಲ್ಲದೆ ಅಲ್ಲ. ಎಲೆಯೇ ಇಲ್ಲದ ಮೋಟಿಗೆ ದಿನಾ ಎರಡು ಹೊತ್ತು ನೀರು ಹೊಯ್ದು ಬೇರು ಕೊಳೆಯಿಸುವುದರಿಂದ.

ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳು ಬರುವ ಕಡೆ ತಾಯಿಗಿಡವನ್ನು ಇಡಿ. ಮನೆಯ ಪೂರ್ವದ ಗೋಡೆ ಬದಿ ಸಾಕು. ತಾರಸಿ ಮೇಲೆಯೇ ಇಡಬೇಕೆಂದರೆ ಅರ್ಧ ನೆರಳಿನ ಹಸಿರು ಬಲೆ ಕಟ್ಟಿ, ಕುಂಡವನ್ನು ಕಾಂಕ್ರೀಟಿಗೆ ತಾಗದಂತೆ ಎರಡು ಇಟ್ಟಿಗೆ ಮೇಲೆ ಕೂರಿಸಿ. ಬೆರಳನ್ನು ಒಂದು ಇಂಚು ಮಣ್ಣಿಗೆ ತೂರಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ಈ ಕಾಲದಲ್ಲಿ ರಸಗೊಬ್ಬರ ಏನೂ ಬೇಡ. ಏಪ್ರಿಲ್ ಕೊನೆಯಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಕುಂಡಕ್ಕೆ ಒಂದು ಹಿಡಿ ಎರೆಗೊಬ್ಬರ ಹಾಕಿದರೆ ಕಂದು ಚೆನ್ನಾಗಿ ಏಳುತ್ತವೆ.

## ಹಂತ 3: ಕಂದು ಬಿಡಿಸುವುದು, ಕುಡಿ ಬೇರೂರಿಸುವುದು (ಮೇ ಕೊನೆ–ಜೂನ್ ಮೊದಲ ವಾರ)

ಹಳೆಯ ಬುಡವನ್ನೇ ಮುಂದುವರಿಸಬಾರದು. ಎರಡು ವರ್ಷದ ಬುಡದಲ್ಲಿ ನಡುಭಾಗ ಮರದಂತೆ ಗಟ್ಟಿಯಾಗಿ ಚಿಗುರು ನಿಲ್ಲಿಸುತ್ತದೆ, ಸುತ್ತ ಮಾತ್ರ ಎಳೆಯ ಕಂದು ಬರುತ್ತವೆ. ಪ್ರತಿ ವರ್ಷ ಹೊಸ ಸಸಿ ಮಾಡಿಕೊಳ್ಳಿ. ಅದಕ್ಕೆ ಎರಡು ದಾರಿ.

ಸುಲಭವಾದದ್ದು ಕಂದು. ತಾಯಿಗಿಡವನ್ನು ಕುಂಡದಿಂದ ಕಳಚಿ, ಮೂರು ನಾಲ್ಕು ಇಂಚು ಬೆಳೆದ ಕಂದುಗಳನ್ನು ಬೇರು ಸಮೇತ ಕತ್ತರಿಸಿ ತೆಗೆಯಿರಿ. ಬೇರು ಬೆಳ್ಳಗಿರಬೇಕು. ಕಂದು ಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಜಾರಿ ಬರುವ ಬೇರಿದ್ದರೆ ಆ ತಾಯಿಗಿಡದಿಂದ ಬೇರಿನ ಕಂದು ತೆಗೆಯಬೇಡಿ, ಮೇಲಿನ ಕುಡಿ ಮಾತ್ರ ತೆಗೆದುಕೊಳ್ಳಿ.

ಹೆಚ್ಚು ಗಿಡ ಬೇಕಾದವರಿಗೆ ಕುಡಿ ತುಂಡು. ಎರಡರಿಂದ ಮೂರು ಇಂಚು ಉದ್ದ, ನಾಲ್ಕೈದು ಎಲೆ ಇರುವ ಎಳೆಯ ತುದಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಬಗ್ಗಿಸಿದರೆ ಚಟ್ಟೆಂದು ಮುರಿಯುವ ಕುಡಿ ಸರಿಯಾದದ್ದು. ಬಳುಕಿದರೆ ತೀರಾ ಎಳಸು, ನಾರು ಬಂದರೆ ಬಲಿತಿದೆ. ಕೆಳಗಿನ ಎರಡು ಎಲೆ ತೆಗೆದು, ಕತ್ತರಿಸಿದ ತುದಿಯನ್ನು ಬೇರು ಬರಿಸುವ ಪುಡಿಗೆ ಮುಟ್ಟಿಸಿ, ಹೆಚ್ಚಾದದ್ದನ್ನು ಕೊಡವಿ, ಒದ್ದೆ ಮರಳಿನಲ್ಲಿ ಒಂದು ಇಂಚು ಆಳಕ್ಕೆ ಊರಿ. ಮೊದಲು ಕಡ್ಡಿಯಿಂದ ತೂತು ಮಾಡಿಕೊಂಡರೆ ಪುಡಿ ಒರೆಸಿಹೋಗುವುದಿಲ್ಲ. ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ಎಲೆಗಳ ಮೇಲೆ ನೀರು ಚಿಮುಕಿಸಿ. ಎರಡರಿಂದ ಮೂರು ವಾರದಲ್ಲಿ ಬೇರು ಬರುತ್ತದೆ. ಗುರುತು: ಮೆಲ್ಲಗೆ ಎಳೆದರೆ ಮರಳು ಹಿಡಿದಂತೆ ತಡೆಯುತ್ತದೆ, ತುದಿಯಲ್ಲಿ ಹೊಸ ಎಲೆಯ ತಿಳಿಹಸಿರು ಕಾಣುತ್ತದೆ. ದಿನವೂ ಕಿತ್ತು ನೋಡುವ ಚಪಲ ಬಿಡಿ.

## ಹಂತ 4: ಮಣ್ಣು ಮತ್ತು ನಾಟಿ (ಜೂನ್ ಕೊನೆ)

ಕುಂಡಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ತೊಳೆದು ಬಳಸಿ. ಅದರ ನುಣ್ಣನೆ ದೂಳು ಮಣ್ಣನ್ನು ಸಿಮೆಂಟಿನ ಹಾಗೆ ಗಟ್ಟಿ ಮಾಡುತ್ತದೆ. ಮಂಡ್ಯದ ಕಡೆ ಅಕ್ಕಿ ಗಿರಣಿಯ ಸುಟ್ಟ ಭತ್ತದ ಹೊಟ್ಟು ಸಿಗುತ್ತದೆ, ಮರಳಿನ ಅರ್ಧ ಭಾಗಕ್ಕೆ ಬದಲಾಗಿ ಹಾಕಬಹುದು. ಕಪ್ಪಗೆ ಕರಿಯಾದ ಹೊಟ್ಟು ಮಾತ್ರ. ಬೆಳ್ಳನೆ ಬೂದಿಯಾದದ್ದು ಮಣ್ಣನ್ನು ಕ್ಷಾರ ಮಾಡುತ್ತದೆ, ಎಲೆ ಹಳದಿಗೆ ತಿರುಗುತ್ತದೆ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿ ಉಳಿದ ಮಡ್ಡಿ) ಅಗ್ಗವೆಂದು ಹಸಿಯಾಗಿಯೇ ಬೆರೆಸುವವರಿದ್ದಾರೆ. ಅದು ಕಳಿಯುವಾಗ ಬಿಸಿಯೇರಿ ಎಳೆಯ ಬೇರನ್ನು ಬೇಯಿಸುತ್ತದೆ. ಕನಿಷ್ಠ ಮೂರು ತಿಂಗಳು ಕೊಳೆಸಿ, ಮುಟ್ಟಿದರೆ ತಣ್ಣಗಿದೆ ಎನ್ನಿಸಿದ ಮೇಲೆ ಬಳಸಿ. 10 ಇಂಚಿನ ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಲಿ.

ಬೇರು ಬಂದ ಕುಡಿಯನ್ನು ಮೊದಲು 4 ಇಂಚಿನ ಕುಂಡಕ್ಕೆ ಹಾಕಿ, ಹತ್ತು ಹದಿನೈದು ದಿನದಲ್ಲಿ ಬೇರು ಕೆಳಗಿನ ತೂತಿನಲ್ಲಿ ಇಣುಕಿದಾಗ ದೊಡ್ಡದಕ್ಕೆ ಬದಲಿಸಿ. ಚಿಕ್ಕ ಸಸಿಯನ್ನು ನೇರ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಣ್ಣೆಲ್ಲ ಮಳೆಗಾಲದಲ್ಲಿ ಕೆಸರಾಗಿ ಕೂರುತ್ತದೆ. ಬೇರಿರುವ ಕಂದನ್ನು ನೇರವಾಗಿ ನೆಡಬಹುದು.

ನೆಲದಲ್ಲಿ ನೆಡುವವರು ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಿ. ಮೈಸೂರಿನ ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ಅರ್ಧ ಅಡಿ ಎತ್ತರದ ಮಡಿ ಸಾಕಾಗುತ್ತದೆ. ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ, ಗದ್ದೆ ಪಕ್ಕದ ಮನೆಗಳಲ್ಲಿ ಅಷ್ಟು ಸಾಲದು. ಕೆಆರ್‌ಎಸ್ ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದ ಮೇಲೆ ಸುತ್ತಲ ನೆಲ ಅಡಿಯಿಂದಲೇ ಜೌಗಾಗುತ್ತದೆ. ಮಡಿ ಮುಕ್ಕಾಲರಿಂದ ಒಂದು ಅಡಿ ಎತ್ತರವಿರಲಿ, ಅಥವಾ ಕುಂಡವನ್ನೇ ನೆಚ್ಚಿಕೊಳ್ಳಿ.

ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಜಾಗ ಬೇಕು. ತೆಂಗಿನ ಬುಡ, ಮಾವಿನ ನೆರಳು ಬೇಡ.

## ಹಂತ 5: ಕುಡಿ ಚಿವುಟುವುದು (ಜುಲೈ–ಆಗಸ್ಟ್ ಮಧ್ಯ)

ಸೇವಂತಿಗೆ ಪ್ರತಿ ರೆಂಬೆಯ ತುದಿಯಲ್ಲಿ ಹೂ ಬಿಡುವ ಗಿಡ. ರೆಂಬೆ ನಾಲ್ಕಿದ್ದರೆ ನಾಲ್ಕು ಗೊಂಚಲು, ಹದಿನಾರಿದ್ದರೆ ಹದಿನಾರು. ಗಿಡದ ಎತ್ತರ, ಹೂವಿನ ಲೆಕ್ಕ, ಹೂ ಬರುವ ವಾರ ಎಲ್ಲವೂ ಇಲ್ಲೇ ತೀರ್ಮಾನವಾಗುತ್ತವೆ, ಆದ್ದರಿಂದ ಈ ಹಂತವನ್ನು ಎರಡು ಸಲ ಓದಿ.

ಮೊದಲ ಚಿವುಟು: ನೆಟ್ಟು ಮೂರರಿಂದ ನಾಲ್ಕು ವಾರಕ್ಕೆ, ಗಿಡ ಆರೇಳು ಇಂಚು ಬೆಳೆದು ಎಂಟು ಹತ್ತು ಎಲೆ ಬಂದಾಗ. ತುದಿಯ ಒಂದು ಇಂಚಿಗಿಂತ ಕಡಿಮೆ ಮೆದು ಭಾಗವನ್ನು ಹೆಬ್ಬೆರಳು–ತೋರುಬೆರಳಿನಿಂದ ಚಿವುಟಿ. ಐದಾರು ಎಲೆ ಉಳಿಯಬೇಕು. ವಾರ ಹತ್ತು ದಿನದಲ್ಲಿ ಎಲೆಯ ಕಂಕುಳಿನಿಂದ ಮೂರರಿಂದ ಐದು ರೆಂಬೆ ಬರುತ್ತವೆ.

ಎರಡನೆಯ ಚಿವುಟು: ಮೂರು ವಾರದ ನಂತರ, ಆ ರೆಂಬೆಗಳು ನಾಲ್ಕೈದು ಇಂಚು ಬೆಳೆದಾಗ, ಪ್ರತಿಯೊಂದರ ತುದಿಯನ್ನೂ ಒಂದೇ ದಿನ ಚಿವುಟಿ. ಇವತ್ತು ಎರಡು, ಮುಂದಿನ ವಾರ ಎರಡು ಎಂದು ಮಾಡಿದರೆ ಹೂವೂ ಹಾಗೆಯೇ ಬಿಡಿಬಿಡಿಯಾಗಿ ಬರುತ್ತದೆ.

ಕೊನೆಯ ಚಿವುಟಿನಿಂದ ಹೂ ಅರಳಲು ತಳಿಗೆ ತಕ್ಕಂತೆ ಮೂರರಿಂದ ಮೂರೂವರೆ ತಿಂಗಳು ಹಿಡಿಯುತ್ತದೆ. ನವೆಂಬರ್ ಕೊನೆ, ಡಿಸೆಂಬರಿಗೆ ಹೂ ಬೇಕಾದರೆ ಆಗಸ್ಟ್ 15ರ ಸುಮಾರಿಗೆ ಕೈ ನಿಲ್ಲಿಸಿ. ದೀಪಾವಳಿಗೆ ಬೇಕೆಂದರೆ ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಿ, ಆ ಲೆಕ್ಕಕ್ಕೆ ನಾಟಿಯನ್ನೂ ಒಂದು ತಿಂಗಳು ಮುಂಚೆ ಮಾಡಬೇಕು. ದಸರೆಗೆ ಸೇವಂತಿಗೆ ಬೆಳೆಯುವ ಆಸೆಯಿದ್ದರೆ ಏಪ್ರಿಲ್ ಕೊನೆಯಲ್ಲೇ ಸಸಿ ನೆಲದಲ್ಲಿರಬೇಕು. ಹೊಸಬರು ಮೊದಲ ವರ್ಷ ಅದಕ್ಕೆ ಕೈಹಾಕದಿರುವುದೇ ಲೇಸು.

ಇಲ್ಲಿ ಆಗುವ ತಪ್ಪುಗಳು ಎರಡು. ಸೆಪ್ಟೆಂಬರ್ ಕೊನೆಯಲ್ಲಿ "ಗಿಡ ಉದ್ದವಾಯಿತು" ಎಂದು ತುದಿ ಕತ್ತರಿಸುವುದು ಮೊದಲನೆಯದು. ಕಣ್ಣಿಗೆ ಕಾಣದಿದ್ದರೂ ಆ ತುದಿಯಲ್ಲಿ ಆಗಲೇ ಮೊಗ್ಗು ಕಟ್ಟಿರುತ್ತದೆ. ಕತ್ತರಿಸಿದ್ದು ಎಲೆಯನ್ನಲ್ಲ, ಹೂವನ್ನು. ಎರಡನೆಯದು ಜುಲೈನಲ್ಲಿ ಕಂಡ ಮೊಗ್ಗನ್ನು ಸಂಭ್ರಮದಿಂದ ಉಳಿಸಿಕೊಳ್ಳುವುದು. ಕುಂಡ ಚಿಕ್ಕದಾಗಿ ಬೇರು ಸುತ್ತಿಕೊಂಡಾಗ, ನೀರಿಗೆ ಗಿಡ ಬಳಲಿದಾಗ ಅಕಾಲದ ಮೊಗ್ಗು ಬರುತ್ತದೆ. ಕೆಳಗಿನ ಎರಡು ಎಲೆ ಸಮೇತ ತೆಗೆದುಬಿಡಿ.

## ಹಂತ 6: ನೀರು, ಗೊಬ್ಬರ

ನೀರು ಬೆಳಿಗ್ಗೆ, ಬುಡಕ್ಕೆ. ಸಂಜೆ ಎಲೆ ತೋಯಿಸಿದರೆ ರಾತ್ರಿಯಿಡೀ ಒದ್ದೆ ನಿಂತು ಚುಕ್ಕೆ ರೋಗಕ್ಕೆ ಆಹ್ವಾನ. ಕೊಳವೆಬಾವಿಯ ಗಡುಸು ನೀರು ಬಳಸುವವರಿಗೆ ಕುಂಡದ ಹೊರಮೈಯಲ್ಲಿ ಬೆಳ್ಳನೆ ಉಪ್ಪಿನ ಪದರ, ಎಲೆಯಂಚು ಸುಟ್ಟ ಹಾಗೆ ಕಂದು ಬಣ್ಣ ಕಾಣಿಸುತ್ತದೆ. ತಿಂಗಳಿಗೊಮ್ಮೆ ಹಿಡಿದಿಟ್ಟ ಮಳೆನೀರನ್ನು ಕುಂಡದ ತಳದಿಂದ ಧಾರಾಳ ಇಳಿಯುವಷ್ಟು ಹೊಯ್ದು ಉಪ್ಪು ತೊಳೆಯಿರಿ.

ನಾಟಿಯಾದ ಮೂರನೆಯ ವಾರದಿಂದ ಆಗಸ್ಟ್ ಕೊನೆಯವರೆಗೆ ಹದಿನೈದು ದಿನಕ್ಕೊಮ್ಮೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ), ಲೀಟರ್ ನೀರಿಗೆ 2 ಗ್ರಾಂ. ಇದು ಬೇಡವೆಂದರೆ 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ನಾಲ್ಕು ದಿನ ನೆನೆಸಿ, ಸೋಸಿ, ಹತ್ತು ಲೀಟರಿಗೆ ತೆಳುಮಾಡಿ ಕುಂಡಕ್ಕೆ ಅರ್ಧ ಲೀಟರ್ ಕೊಡಿ. ವಾಸನೆಗೆ ಅಕ್ಕಪಕ್ಕದವರು ಮಾತಾಡುತ್ತಾರೆ, ಮುಚ್ಚಳ ಹಾಕಿಡಿ. ಸೆಪ್ಟೆಂಬರಿನಿಂದ ಸಾರಜನಕ ಕಡಿಮೆ ಮಾಡಿ ಪೊಟ್ಯಾಷ್ ಕಡೆಗೆ ಹೊರಳಬೇಕು: 13:0:45, ಲೀಟರಿಗೆ 2 ಗ್ರಾಂ, ಹದಿನೈದು ದಿನಕ್ಕೊಮ್ಮೆ ಮೂರು ಸಲ. ಮೊಗ್ಗಿನಲ್ಲಿ ಬಣ್ಣ ಕಂಡ ದಿನದಿಂದ ಗೊಬ್ಬರ ಪೂರ್ತಿ ಬಂದ್. ಒಣಮಣ್ಣಿಗೆ ಯಾವ ದ್ರವಗೊಬ್ಬರವನ್ನೂ ಹೊಯ್ಯಬೇಡಿ, ಮೊದಲು ನೀರು, ಆಮೇಲೆ ಗೊಬ್ಬರ. ಯೂರಿಯಾ ಹತ್ತಿರ ಹೋಗುವುದೇ ಬೇಡ. ಕಡುಹಸಿರು ಎಲೆ, ಮೆದು ಕಾಂಡ, ಗಿಡಹೇನಿನ ಹಬ್ಬ, ಹೂ ಇಲ್ಲ.

## ಹಂತ 7: ರಾತ್ರಿ ಕತ್ತಲು ಕೊಡುವುದು (ಆಗಸ್ಟ್ ಕೊನೆ–ಅಕ್ಟೋಬರ್)

ಎಲ್ಲವನ್ನೂ ಸರಿಯಾಗಿ ಮಾಡಿಯೂ ಹೂ ಬರದವರ ಮನೆಯಲ್ಲಿ ಮೊದಲು ನೋಡಬೇಕಾದದ್ದು ಗೇಟಿನ ದೀಪ.

ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಮೈಸೂರಿನಲ್ಲಿ ಜೂನ್ ಕೊನೆಯ ಹಗಲು 13 ಗಂಟೆಗೆ ತುಸು ಕಡಿಮೆ, ಡಿಸೆಂಬರ್ ಕೊನೆಯದು ಹನ್ನೊಂದೂವರೆ ಗಂಟೆಯ ಆಸುಪಾಸು. ವರ್ಷದ ಏರಿಳಿತ ಒಟ್ಟು ಒಂದೂವರೆ ಗಂಟೆಯಷ್ಟೇ. ಇಷ್ಟು ಕಿರಿದಾದ ವ್ಯತ್ಯಾಸವನ್ನು ಗುರುತಿಸಿ ನಡೆಯುವ ಗಿಡಕ್ಕೆ ರಾತ್ರಿ ಹನ್ನೊಂದರವರೆಗೆ ಉರಿಯುವ ಎಲ್‌ಇಡಿ ಬಲ್ಬು ಬೇಸಿಗೆಯ ಹಗಲನ್ನು ಮೀರಿಸಿದಂತೆ. ಮಾರುಕಟ್ಟೆಗೆ ಬೆಳೆಯುವವರು ಹೂ ತಡವಾಗಲೆಂದೇ ಹೊಲಕ್ಕೆ ರಾತ್ರಿ ಬಲ್ಬು ಹಾಕುತ್ತಾರೆ. ಮನೆಯಲ್ಲಿ ಗೊತ್ತಿಲ್ಲದೆ ನಾವೂ ಅದನ್ನೇ ಮಾಡುತ್ತಿರುತ್ತೇವೆ.

ಪರೀಕ್ಷೆ ಸರಳ. ರಾತ್ರಿ ಗಿಡದ ಪಕ್ಕ ಪತ್ರಿಕೆ ಹಿಡಿದು ನಿಲ್ಲಿ. ಅಕ್ಷರ ಓದಲು ಬಂದರೆ ಬೆಳಕು ಹೆಚ್ಚಾಯಿತು. ಕುಂಡವಾದರೆ ಹಿತ್ತಲಿಗೆ ಸಾಗಿಸಿ. ನೆಲದ ಗಿಡವಾದರೆ ಬೀದಿದೀಪದ ಕಡೆಗೆ ಮಾತ್ರ ಗೋಣಿತಾಟು ಅಥವಾ ದಪ್ಪ ಬಟ್ಟೆಯ ಮರೆ ಕಟ್ಟಿ. ಗಿಡವನ್ನೇ ಕಪ್ಪು ಪ್ಲಾಸ್ಟಿಕ್ಕಿನಿಂದ ಮುಚ್ಚಬೇಡಿ, ಒಳಗೆ ಬೆವೆತು ಎಲೆ ಕೊಳೆಯುತ್ತದೆ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಎಂಬ ಲೆಕ್ಕವೂ ನಡೆಯದು. ಮೊಗ್ಗಿನಲ್ಲಿ ಬಣ್ಣ ಇಣುಕುವವರೆಗೆ ಪ್ರತಿ ರಾತ್ರಿ ಕತ್ತಲು ಬೇಕು.

ಎಚ್ಚರಿಕೆಯ ಗುರುತು: ತುದಿಯಲ್ಲಿ ಒಂದೇ ಒಂದು ಮೊಗ್ಗು ಕಟ್ಟಿ ಅಲ್ಲೇ ನಿಂತು, ಅದರ ಕೆಳಗೆ ಹಲ್ಲಿಲ್ಲದ ಉದ್ದುದ್ದ ಕಿರಿದಾದ ಎಲೆಗಳು ಬಂದು, ಸುತ್ತ ಹೂವಿನ ಬದಲು ಎಲೆಕುಡಿ ಎದ್ದರೆ ಕತ್ತಲು ಸಾಲದಾಗಿದೆ. ಆ ಮೊಗ್ಗನ್ನು ತೆಗೆದು ಗಿಡವನ್ನು ಕತ್ತಲಿಗೆ ಸರಿಸಿದರೆ ಪಕ್ಕದ ಕುಡಿಗಳಲ್ಲಿ ಹೂ ಬರುತ್ತದೆ, ತಡವಾಗಿಯಾದರೂ.

## ಹಂತ 8: ಕಡ್ಡಿ ಕಟ್ಟುವುದು, ಮೊಗ್ಗು ಬಿಡಿಸುವುದು

ಸೆಪ್ಟೆಂಬರ್, ಅಕ್ಟೋಬರಿನ ಸಂಜೆ ಮಳೆ ನಮ್ಮಲ್ಲಿ ಬಿರುಸು. ಮೊಗ್ಗಿನ ಭಾರಕ್ಕೆ ನೀರಿನ ಭಾರ ಸೇರಿದರೆ ರೆಂಬೆ ಬುಡದಲ್ಲೇ ಸೀಳುತ್ತದೆ. ಅದಕ್ಕೆ ಮೊದಲೇ, ಆಗಸ್ಟ್ ಕೊನೆಗೆ, ಕುಂಡದ ಅಂಚಿನಲ್ಲಿ ಮೂರು ಬಿದಿರು ಕಡ್ಡಿ ನೆಟ್ಟು ಸುತ್ತ ಎರಡು ಸುತ್ತು ಬಾಳೆ ನಾರು ಕಟ್ಟಿ.

ಮಾಲೆಗೆ, ಪೂಜೆಗೆ ಬೇಕಾದ ಸಣ್ಣ ಹೂವಿನ ತಳಿಗಳಲ್ಲಿ ಪ್ರತಿ ರೆಂಬೆಯ ನಟ್ಟನಡುವಿನ ಮೊಗ್ಗೊಂದನ್ನು ಕಡಲೆಕಾಳಿನ ಗಾತ್ರದಲ್ಲಿರುವಾಗ ತೆಗೆಯಿರಿ, ಉಳಿದವು ಒಟ್ಟಿಗೆ ಅರಳುತ್ತವೆ. ದೊಡ್ಡ ಹೂವಿನ ತಳಿಗೆ ಇದರ ತಿರುಗುಮುರುಗು: ನಡುವಿನದನ್ನು ಉಳಿಸಿ ಪಕ್ಕದವನ್ನೆಲ್ಲ ತೆಗೆಯುವುದು.

## ಕಾಯಿಲೆಯ ಮೊದಲ ಗುರುತುಗಳು

ಬುಡದ ಎಲೆಯಲ್ಲಿ ಕಂದು-ಕಪ್ಪು ಚುಕ್ಕೆ, ಸುತ್ತ ಹಳದಿ, ದಿನದಿನಕ್ಕೆ ಮೇಲೇರುವುದು. ಎಲೆಚುಕ್ಕೆ ರೋಗ. ಮಳೆಯ ಹನಿಯೊಂದಿಗೆ ಮಣ್ಣಿನಿಂದ ಸಿಡಿಯುತ್ತದೆ. ಬುಡದಿಂದ ಮೂರು ಇಂಚಿನವರೆಗೆ ಎಲೆ ತೆಗೆದು ಸುಟ್ಟುಬಿಡಿ, ಮಣ್ಣಿನ ಮೇಲೆ ಕಾಂಡಕ್ಕೆ ತಾಗದಂತೆ ಕಬ್ಬಿನ ತರಗು ಹಾಸಿ. ಹರಡುತ್ತಿದ್ದರೆ ಮ್ಯಾಂಕೊಜೆಬ್, ಲೀಟರಿಗೆ 2 ಗ್ರಾಂ, ಹತ್ತು ದಿನದ ಅಂತರದಲ್ಲಿ ಎರಡು ಸಲ, ಎಲೆಯ ಅಡಿಗೂ ಬೀಳುವಂತೆ. ಕೈಗವಸು ಹಾಕಿಕೊಳ್ಳಿ. ಮುಡಿಗೆ, ಪೂಜೆಗೆ ಹೋಗುವ ಹೂ ಇದು, ಅರಳಿದ ಮೇಲೆ ಯಾವ ಔಷಧಿಯೂ ಬೇಡ.

ಮಣ್ಣು ಒದ್ದೆಯಿದ್ದರೂ ಗಿಡ ಬಾಡುವುದು. ಬೇರು ಕೊಳೆ. ನೀರು ಹೊಯ್ಯುವುದು ತಕ್ಷಣ ನಿಲ್ಲಿಸಿ. ಮೇಲಿನ ಕುಡಿ ಇನ್ನೂ ಗಟ್ಟಿಯಿದ್ದರೆ ಅದನ್ನು ಕತ್ತರಿಸಿ ಬೇರೂರಿಸಿ ತಳಿ ಉಳಿಸಿಕೊಳ್ಳಿ. ಗಿಡ, ಮಣ್ಣು ಎರಡನ್ನೂ ಎಸೆಯಿರಿ. ಪಕ್ಕದ ಗಿಡಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್, ಲೀಟರಿಗೆ 3 ಗ್ರಾಂ. ಮಣ್ಣಿಗೆ ಟ್ರೈಕೊಡರ್ಮಾ (ಬೇರು ಕಾಯುವ ಉಪಕಾರಿ ಶಿಲೀಂಧ್ರ) ಬೆರೆಸಿದ್ದರೆ ಇದು ಅದಕ್ಕೂ ಹಾನಿ ಮಾಡಬಹುದು ಎಂಬುದು ನೆನಪಿರಲಿ.

ಕುಡಿಯ ಮೇಲೆ ಕಪ್ಪು ಹೇನು, ಎಲೆ ಅಂಟಂಟು, ಇರುವೆ ಸಾಲು. ಇರುವೆ ಕಂಡ ದಿನವೇ ಕುಡಿ ತಿರುಗಿಸಿ ನೋಡಿ. ಬೆಳಿಗ್ಗೆ ಪೈಪಿನ ರಭಸದ ನೀರಿನಿಂದ ಉದುರಿಸಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ಕೆಲವು ಹನಿ ಸೋಪಿನ ದ್ರವ. ಬಿಸಿಲು ಇಳಿದ ಮೇಲೆ, ವಾರದ ಅಂತರದಲ್ಲಿ ಮೂರು ಸಲ.

ಎಲೆಯ ಮೇಲೆ ಬಿಳಿ ಪುಡಿ. ಬೂದಿ ರೋಗ, ಗಿಡಗಳು ಒತ್ತಾದಾಗ ಬರುತ್ತದೆ. ನೀರಿನಲ್ಲಿ ಬೆರೆಯುವ ಗಂಧಕ, ಲೀಟರಿಗೆ 2 ಗ್ರಾಂ. ಬೇವಿನ ಎಣ್ಣೆ ಹೊಡೆದು ಎರಡು ವಾರ ಕಳೆಯದೆ ಗಂಧಕ ಹೊಡೆದರೆ ಎಲೆ ಸುಡುತ್ತದೆ.

ರಾತ್ರೋರಾತ್ರಿ ಕುಡಿ ಮಾಯ. ಬಸವನಹುಳು. ಸಂಜೆ ಒದ್ದೆ ಗೋಣಿಚೀಲದಡಿ ಎಲೆಕೋಸಿನ ಸಿಪ್ಪೆ ಇಟ್ಟು ಬೆಳಿಗ್ಗೆ ಎತ್ತಿದರೆ ಅಲ್ಲೇ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟದೆ ಉಪ್ಪುನೀರಿಗೆ ಹಾಕಿ. ಕುಂಡದ ಸುತ್ತ ಉಪ್ಪು ಸುರಿಯುವುದು ಬೇಡ, ಹುಳುವಿನ ಜೊತೆ ಗಿಡವೂ ಹೋಗುತ್ತದೆ.

## ಹಂತ 9: ಕೊಯ್ಲು ಮತ್ತು ಗುರುತು ಕಟ್ಟುವುದು (ನವೆಂಬರ್–ಜನವರಿ)

ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು ಕೊಯ್ಯಿರಿ. ಮಾಲೆಗೆ ಪೂರ್ತಿ ಅರಳಿದ ಹೂ ಬೇಕು. ನಡುವೆ ಮುಚ್ಚಿರುವ ಹೂ ಕಟ್ಟಿದರೆ ಮಾರನೆಯ ದಿನ ಕುಗ್ಗುತ್ತದೆ. ಬಾಡಿದ್ದನ್ನು ಗಿಡದಲ್ಲೇ ಬಿಡದೆ ತೆಗೆಯುತ್ತಿದ್ದರೆ ಪಕ್ಕದ ಮೊಗ್ಗುಗಳಿಗೆ ಕೊಳೆ ಹತ್ತುವುದಿಲ್ಲ.

ಹೂ ತುಂಬಿರುವಾಗಲೇ ಗಿಡಗಳ ನಡುವೆ ಓಡಾಡಿ ಆರಿಸಿ: ರೆಂಬೆ ಹೆಚ್ಚು, ಬುಡದವರೆಗೆ ಎಲೆ ಉಳಿದಿದೆ, ಚುಕ್ಕೆ ರೋಗ ಬಂದಿಲ್ಲ, ಬಣ್ಣ ಹಿಡಿಸಿದೆ. ಅಂಥ ಎರಡು ಮೂರು ಗಿಡದ ಬುಡಕ್ಕೆ ಬಣ್ಣದ ದಾರ ಕಟ್ಟಿ, ಕುಂಡದ ಮೇಲೆ ಬಣ್ಣವನ್ನೂ ಹೂ ಬಂದ ವಾರವನ್ನೂ ಪೇಂಟಿನಲ್ಲಿ ಬರೆದಿಡಿ. ಮಾರ್ಕರ್ ಪೆನ್ನಿನ ಬರಹ ಬೇಸಿಗೆಯ ಬಿಸಿಲಿಗೆ ಅಳಿಸಿಹೋಗುತ್ತದೆ, ಫೆಬ್ರವರಿಯಲ್ಲಿ ಕತ್ತರಿಸಿದ ಮೇಲೆ ಹಳದಿ, ಬಿಳಿ ಎರಡರ ಮೋಟೂ ಒಂದೇ ಥರ ಕಾಣುತ್ತದೆ.